ಓಡದ ಕಾರಿನ ಬೆಲೆ

ಎತ್ತನ್ನು ಮಾರುವವನು ಅದು ಎಷ್ಟು ಉಳುತ್ತದೆಂದು ಹೇಳಿ ಬೆಲೆ ಕೇಳುತ್ತಾನೆ. ಅಮೆರಿಕದ ಸ್ಪೋರ್ಟ್ಸ್ ಕಾರನ್ನು ಮಾರುವವನು ಅದು ಎಷ್ಟು ಕಡಿಮೆ ಓಡಿದೆಯೆಂದು ಹೇಳಿ ಬೆಲೆ ಕೇಳುತ್ತಾನೆ. 1953ರಲ್ಲಿ ಅಮೆರಿಕದ ಫ್ಲಿಂಟ್ ನಗರದಲ್ಲಿ ತಯಾರಾದ ಕಾರ್ವೆಟ್ ಕಾರುಗಳು ಮುನ್ನೂರೇ. ಅಂಥ ವಾಹನಗಳ ಸಂಗ್ರಾಹಕರಲ್ಲಿ ವಿರಳತೆಗೊಂದು ಬೆಲೆ, ಓಡದಿರುವುದಕ್ಕೆ ಇನ್ನೊಂದು ಬೆಲೆ.

ಈ ಲೆಕ್ಕ ಬೀದರ ನಗರದ ಗೃಹಸ್ಥರೊಬ್ಬರ ಮನೆಗೂ ಬಂದಿತು. 2016ರಲ್ಲಿ ಫೋರ್ಡ್ ಕಂಪನಿ ಮಸ್ಟಾಂಗ್ ಕಾರನ್ನು ಭಾರತಕ್ಕೆ ತಂದಾಗ ಅದರ ಬೆಲೆ ಸುಮಾರು 65 ಲಕ್ಷ ರೂಪಾಯಿ. ಎಂಟು ಸಿಲಿಂಡರುಗಳ ಆ ಕೆಂಪು ಕಾರನ್ನು ಅವರು ಧೈರ್ಯಮಾಡಿ ಕೊಂಡರು. ಕೊಂಡ ಮೇಲೆ ಓಡಿಸುವ ಧೈರ್ಯ ಮಾತ್ರ ಬರಲಿಲ್ಲ.

ಔರಾದದಲ್ಲಿದ್ದ ತಂದೆಯವರದು ಒಂದೇ ಆಸೆ: “ತಮ್ಮಾ, ಇದರಾಗ ಒಂದು ಸಲ ಭಾಲ್ಕಿಗಿ, ನಿಮ್ಮ ಸೋದರತ್ತಿ ಮನಿಗಿ ಹೋಗಿ ಬರೋಣು.”

“ಗಾಡಿ ನೆಲಕ್ಕ ಭಾಳ ತಗ್ಗ ಅದ ಅಪ್ಪಾ. ಮಳಿಗಾಲ ಮುಗೀಲಿ” ಎಂದು ಮಗನ ಉತ್ತರ. ಮೂರು ಮಳೆಗಾಲಗಳು ಮುಗಿದವು. ನಾಲ್ಕನೆಯದಕ್ಕೆ ತಂದೆಯವರು ಇರಲಿಲ್ಲ.

ನಿಂತ ಕಾರು ಹೊಸದಾಗಿಯೇ ಉಳಿಯುವುದೆಂಬುದೂ ಭ್ರಮೆ. ಬ್ಯಾಟರಿ ಇಳಿಯುತ್ತದೆ, ಟೈರಿನ ರಬ್ಬರು ಬಿರುಸಾಗುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲು ಕೆಡುತ್ತದೆ. ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಫೋರ್ಡ್ ಕಂಪನಿ 2021ರಲ್ಲಿ ಸಾರಿದಾಗ, ಬಿಡಿಭಾಗಗಳ ಚಿಂತೆಯೂ ಸೇರಿ, ಅವರು ಮಾರಲು ನಿಶ್ಚಯಿಸಿದರು.

ಹೈದರಾಬಾದಿನಿಂದ ಬಂದ ಗಿರಾಕಿ ಒಳಗೆ ಬಾಗಿ ಅಂಕಿಯನ್ನು ನೋಡಿದ: 2,140 ಕಿಲೋಮೀಟರು. “ನೀವು ಇದನ್ನು ಓಡಿಸಿಯೇ ಇಲ್ಲವಲ್ಲ!” ಎಂದು ಹಿಗ್ಗಿದ. ಅವನಾಡಿದ್ದು ಹೊಗಳಿಕೆ, ಇವರಿಗೆ ಕೇಳಿಸಿದ್ದು ತಂದೆಯ ದನಿ.

ಬೇರೆ ರಾಜ್ಯಕ್ಕೆ ಹೋಗುವ ವಾಹನವಾದ್ದರಿಂದ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕಾಯಿತು. ಅದು ಕೈಸೇರುವವರೆಗೆ ಕಾರು ಬೀದರದಲ್ಲೇ ಇತ್ತು. ಒಂದು ಬೆಳಗ್ಗೆ ಅವರು ಔರಾದಕ್ಕೆ ಹೋಗಿ, ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಭಾಲ್ಕಿಯ ದಾರಿ ಹಿಡಿದರು. ಹೊಂಡ ಬಂದಲ್ಲಿ ನಿಧಾನಿಸಿದರು. ಒಮ್ಮೆ ಕಾರಿನ ಅಡಿಭಾಗ ನೆಲಕ್ಕೆ ತಗುಲಿ ಕರ್ರೆಂದಿತು. ಅಷ್ಟೆ, ಇಷ್ಟು ವರ್ಷ ಅಂಜಿದ್ದು ಇಷ್ಟಕ್ಕೇ!

ಭಾಲ್ಕಿಯಲ್ಲಿ ಸೋದರತ್ತೆ ಬಾಗಿಲಿಗೆ ಬಂದರು. ಅವರು ಕಾರನ್ನು ನೋಡಲಿಲ್ಲ. ಅದರಿಂದ ಇನ್ನಾರಾದರೂ ಇಳಿಯುವರೋ ಎಂಬಂತೆ ಗಳಿಗೆ ಹೊತ್ತು ನಿಂತು, ಅತ್ತಿಗೆಯ ಕೈ ಹಿಡಿದು ಒಳಕ್ಕೆ ಕರೆದೊಯ್ದರು.

ಕಾರನ್ನು ಒಯ್ಯಲು ಬಂದ ಗಿರಾಕಿ, ಅಂಕಿ ನೂರಕ್ಕೂ ಮಿಕ್ಕಿ ಏರಿದ್ದನ್ನೂ ಅಡಿಯಲ್ಲಿ ಬಿದ್ದ ಗೀರನ್ನೂ ಕಂಡು, ಒಪ್ಪಿದ ಬೆಲೆಯಲ್ಲಿ ಇಪ್ಪತ್ತು ಸಾವಿರ ಮುರಿದುಕೊಂಡ. ಇವರು ಚೌಕಾಸಿ ಮಾಡಲಿಲ್ಲ. ಆ ಕಾರಿಗಾಗಿ ಕಳೆದುಕೊಂಡ ಹಣದಲ್ಲೆಲ್ಲ ಸಾರ್ಥಕವಾದದ್ದು ಆ ಇಪ್ಪತ್ತು ಸಾವಿರವೊಂದೇ ಎಂದು ಅವರಿಗೆ ತೋರಿತು.