ಮನೆಯಲ್ಲಿ ಕಥೆಯ ಆಟ

ಕಥೆ ಕೇಳುವದು ಮಕ್ಕಳಿಗೆ ಪ್ರಿಯವಾದುದು. ಕಥೆ ಹೇಳುವದು ಮುದುಕರಿಗೆ ಪ್ರಿಯವಾದುದು. ಇವೆರಡೂ ಕೂಡಿದಲ್ಲಿ ಸಂಜೆಯ ಹೊತ್ತು ಸುಖವಾಗಿ ಕಳೆಯುವದೆಂಬದು ವಾಚಕರಿಗೆ ಗೊತ್ತಿದ್ದ ಮಾತೇ ಆಗಿದೆ. ಆದರೆ ಹೇಳುವವನು ಅರ್ಧ ಹೇಳಿ ಸುಮ್ಮನಾಗಿ, ಕೇಳುವವರೇ ಕಥೆಯೊಳಗಿನ ಪಾತ್ರಗಳಾಗಿ ಮುಂದಿನದನ್ನು ನಡೆಯಿಸುವ ಆಟವೊಂದುಂಟು. ಕಳೆದ ಬೇಸಿಗೆಯ ಸೂಟಿಯಲ್ಲಿ, ತಂಬೂರದ ನಮ್ಮ ಮನೆಯ ಪಡಸಾಲೆಯಲ್ಲಿ, ಆ ಆಟವನ್ನು ನಾವು ಮೊದಲ ಸಲ ನಡೆಯಿಸಿದೆವು. ಅದರ ಬಗೆಯನ್ನೂ, ಅದರಿಂದ ನಮಗೆ ತಿಳಿದುಬಂದುದನ್ನೂ ಇಲ್ಲಿ ನಿವೇದಿಸುವೆವು.

ಈ ಆಟದ ಪ್ರಸಿದ್ಧ ರೂಪವು ಅಮೇರಿಕೆಯದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಹೆಸರಿನಿಂದ ಇದನ್ನು ಪ್ರಕಟಿಸಿದರು. ಮೊದಲು ಅಚ್ಚಾದ ಪ್ರತಿಗಳು 1,000 ಮಾತ್ರ. ಇದರ ಬೇರು ಇನ್ನೂ ಹಿಂದಿನದು. ಪ್ರಶಿಯದ ಸೇನಾಧಿಕಾರಿಯಾದ ರೈಸ್‌ವಿಟ್ಸನು 1824ರಲ್ಲಿ ಪ್ರಕಟಿಸಿದ ಯುದ್ಧಾಭ್ಯಾಸದ ಆಟದಲ್ಲಿ, ಎರಡು ಪಕ್ಷಗಳ ನಡುವೆ ನಿರ್ಣಾಯಕನೊಬ್ಬನು ಕುಳಿತು, ದಾಳಗಳ ನೆರವಿನಿಂದ ಕಾಳಗದ ಫಲವನ್ನು ಹೇಳುತ್ತಿದ್ದನು. ಆ ನಿರ್ಣಾಯಕನೇ ಈ ಹೊಸ ಆಟದಲ್ಲಿ ಕಥೆ ಹೇಳುವವನಾದನು.

ನಾವು ಅವನನ್ನು ಸೂತ್ರಧಾರನೆಂದು ಕರೆಯುವೆವು. ಆದರೆ ಭೇದವುಂಟು. ಸಂಸ್ಕೃತ ನಾಟಕದ ಸೂತ್ರಧಾರನು ಪ್ರಸ್ತಾವನೆಯಾದ ಕೂಡಲೆ ರಂಗದಿಂದ ನಿರ್ಗಮಿಸುವನು. ಇವನಾದರೋ ಕಡೆಯವರೆಗೂ ಕುಳಿತು, ಆಟಗಾರರು ವಹಿಸದ ಪಾತ್ರಗಳನ್ನೆಲ್ಲ—ಕಳ್ಳ, ಹುಲಿ, ಮಳೆ, ದಾರಿಹೋಕ—ತಾನೇ ವಹಿಸಬೇಕು. ನಮ್ಮ ನಾಡಿನೊಳಗೆ ಇದಕ್ಕೆ ಹತ್ತಿರವಾದುದೆಂದರೆ ಕರಾವಳಿ, ಮಲೆನಾಡು, ಕಾಸರಗೋಡು ಸೀಮೆಗಳ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪ್ರಸಂಗದ ಪದ್ಯವನ್ನು ಹಾಡುವನು. ಅರ್ಥಧಾರಿಗಳು ಕುಳಿತಲ್ಲಿಯೇ ರಾಮನೂ ವಾಲಿಯೂ ಆಗಿ, ಬರೆದಿಡದ ಮಾತುಗಳಿಂದ ವಾದಿಸುವರು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಕಲೆಯಲ್ಲಿ ಕೀರ್ತಿಶಾಲಿಗಳಾದರು. ಆದರೆ ವಾಲಿಯು ಎಷ್ಟು ಚೆನ್ನಾಗಿ ವಾದಿಸಿದರೂ ಕಡೆಗೆ ಮಡಿಯಲೇಬೇಕು. ಈ ಆಟದಲ್ಲಿ ಅಂತ್ಯವು ಸೂತ್ರಧಾರನಿಗೂ ತಿಳಿದಿರುವದಿಲ್ಲ.

ಆಟದ ಪುಸ್ತಕವನ್ನು ತಂದವಳು ಹುಬ್ಬಳ್ಳಿಯಿಂದ ಬಂದ ನಮ್ಮ ಮೊಮ್ಮಗಳು, ಹನ್ನೆರಡು ವರ್ಷದವಳು. ಊರಲ್ಲಿರುವ ಹಿರಿಯ ಮಗನ ಮಕ್ಕಳಿಬ್ಬರು, ನೆರೆಮನೆಯವರಿಬ್ಬರು ಕೂಡಿ ಆಟಗಾರರು ಐವರಾದರು. "ಅಜ್ಜಾ, ಕಥಿ ಹೇಳಾವ್ರು ನೀವ ಆಗ್ರಿ" ಎಂದು ಎಲ್ಲರೂ ಹಟ ಹಿಡಿದರು. ಪುಸ್ತಕವು ಬೇಡುವ ಇಪ್ಪತ್ತು ಮುಖದ ದಾಳವು ನಮ್ಮಲ್ಲಿರಲಿಲ್ಲ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಕತ್ತರಿಸಿ, 1ರಿಂದ 20ರ ವರೆಗೆ ಅಂಕಿಗಳನ್ನು ಬರೆದು, ತಂಬಿಗೆಯೊಳಗೆ ಹಾಕಿದೆವು. ಎತ್ತಿದ ಚೀಟಿಯನ್ನು ಪ್ರತಿಸಲವೂ ತಿರುಗಿ ಹಾಕತಕ್ಕದ್ದು. ಇಲ್ಲವಾದರೆ ಎಲ್ಲ ಅಂಕಿಗಳಿಗೂ ಸಮಾನ ಅವಕಾಶವುಳಿಯದು. ಸುಲಭ ಕಾರ್ಯಕ್ಕೆ 6 ಅಥವಾ ಹೆಚ್ಚು ಬರಬೇಕೆಂದರೆ ನಾಲ್ಕರಲ್ಲಿ ಮೂರು ಪಾಲು ಗೆಲವು. 11 ಎಂದರೆ ಅರ್ಧ. 16 ಎಂದರೆ ಕಾಲುಪಾಲು. ಇಷ್ಟು ಗಣಿತವೇ ಸಾಕಾಯಿತು.

ಕಲಘಟಗಿಯ ಸೀಮೆಯಿಂದ ಹರಿದು, ಮಾಗೋಡದಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಸಮುದ್ರವನ್ನು ಸೇರುವ ಬೇಡ್ತಿಯೇ ನಮ್ಮ ಕಥೆಯ ನದಿಯು. ಒಬ್ಬನು ಅಂಬಿಗನಾದನು, ಒಬ್ಬಳು ವೈದ್ಯಳಾದಳು. ಉಳಿದವರು ಕಮ್ಮಾರ, ಬೇಟೆಗಾರ, ಊರೂರು ತಿರುಗುವ ಹಾಡುಗಾತಿ. ಕಾಡಿನ ಪಾಳುಗುಡಿಯಲ್ಲಿ ಅವರಿಗೆ ಬಂಗಾರದ ಪೆಟ್ಟಿಗೆಯೊಂದು ದೊರೆಯಿತು.

ಇಲ್ಲಿ ಮನೆಯ ಮಾತೊಂದನ್ನು ಹೇಳಬೇಕಾಗಿದೆ. ನಮ್ಮ ಇಬ್ಬರು ಮಕ್ಕಳಲ್ಲಿ ಎರಡು ವರ್ಷಗಳ ಹಿಂದೆ ವಾಟಣಿಯಾಯಿತು. ಹಳೆಯ ಮನೆಯು ಹಿರಿಯನ ಪಾಲಿಗೆ ಬಂದಿತು. ಅಂದಿನಿಂದ ಕಿರಿಯನು ಅದರ ಹೊಸ್ತಿಲು ದಾಟಿಲ್ಲ, ಅಣ್ಣತಮ್ಮಂದಿರಲ್ಲಿ ಮಾತಿಲ್ಲ. ಮಕ್ಕಳನ್ನು ಮಾತ್ರ ಅಜ್ಜನ ಬಳಿಗೆ ಬರಗೊಡುವರು. ಆದುದರಿಂದ, ಪೆಟ್ಟಿಗೆಯ ಸಲುವಾಗಿ ಹಿರಿಯನ ಮಗನೂ ಕಿರಿಯನ ಮಗಳೂ ಜಗಳಕ್ಕೆ ನಿಂತಾಗ ನಮ್ಮ ಎದೆಯು ಡವಗುಟ್ಟಿತು. "ಮೊದಲ ನೋಡಿದಾಂವ ನಾನು" ಎಂದು ಅವನು. "ಕೀಲಿ ತೆಗದಾಕಿ ನಾನು" ಎಂದು ಅವಳು. ಈ ಸ್ವರವನ್ನು ನಾವು ಇದೇ ಪಡಸಾಲೆಯಲ್ಲಿ ಹಿಂದೆ ಕೇಳಿದ್ದೆವು.

ಮೂವತ್ತಾರು ವರ್ಷ ಶಾಲೆಯಲ್ಲಿ ಪ್ರಶ್ನೆ ಕೇಳಿದವರು ನಾವು. ಉತ್ತರವು ನಮ್ಮ ಕಿಸೆಯಲ್ಲಿರುತ್ತಿತ್ತು. ಐದು ಸಮಪಾಲು ಮಾಡಿರೆಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸೂತ್ರಧಾರನು ಲೋಕವನ್ನು ನಡೆಯಿಸಬಹುದು. ಆಟಗಾರರ ಮನಸ್ಸನ್ನು ನಡೆಯಿಸಲಾಗದು. ಆದುದರಿಂದ ಇಷ್ಟೇ ಹೇಳಿದೆವು: "ಹೊತ್ತು ಮುಣಗಲಿಕ್ಕೆ ಬಂದದ. ಹೊಳಿ ಏರಲಿಕ್ಕೆ ಹತ್ತೇದ. ಐದೂ ಮಂದಿ ಕೂತರ ದೋಣ್ಯಾಗ ಪೆಟಗಿಗೆ ಜಾಗಾ ಇಲ್ಲ. ಏನ ಮಾಡ್ತೀರಿ?" ಎಂದು ಕೇಳಿ ಸುಮ್ಮನಾದೆವು.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ ಎಲ್ಲರಿಗಿಂತ ಸಣ್ಣವಳಾದ, ಎಂಟು ವರ್ಷದ ಮೊಮ್ಮಗಳು ಅಂದಳು: "ಪೆಟಗಿ ಇಲ್ಲೇ ಬಿಡೋಣು. ಬಂಗಾರದ್ದು ಐದು ಗಂಟು ಕಟ್ಟೋಣು. ಆದರ ಅವರವರ ಗಂಟು ಅವರವರು ಹೊರೂದು ಬ್ಯಾಡ. ಒಬ್ಬರದು ಇನ್ನೊಬ್ಬರು ಹೊರೋಣು. ಅಂದರ ಯಾರೂ ಬಿಟ್ಟು ಓಡಂಗಿಲ್ಲ." ಇಂಥ ಹಂಚಿಕೆಯನ್ನು ನಾವು ಯಾವ ನೀತಿಗ್ರಂಥದಲ್ಲಿಯೂ ಓದಿದ್ದಿಲ್ಲ.

ಹೊಳೆ ದಾಟಲು 11 ಬೇಕೆಂದು ಹೇಳಿದೆವು. ಹಿರಿಯನ ಮಗನು ಎತ್ತಿದ ಚೀಟಿಯು 4. ದೋಣಿಯು ಓಲಾಡಿ ಅವನ ಕೈಯ ಗಂಟು ನೀರುಪಾಲಾಯಿತು. ಅದು ಹುಬ್ಬಳ್ಳಿಯ ತಂಗಿಯ ಪಾಲು. ಹುಡುಗನ ಮುಖವು ನಿಜವಾಗಿಯೂ ಬಾಡಿತು. "ನಿಂದು ನನ್ನ ಕೈಲೆ ಹೋತು. ನನ್ನದರಾಗ ಅರ್ಧಾ ತೊಗೊ" ಎಂದನು. ಅವನ ಗಂಟು ಅವಳ ಹೆಗಲ ಮೇಲೆಯೇ ಇತ್ತು.

ಮಗಳನ್ನು ಕರೆದೊಯ್ಯಲು ಬಂದಿದ್ದ ಕಿರಿಯ ಮಗನು ಹೊರಗಿನ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ಕೇಳುತ್ತಿದ್ದನೆಂಬದು ನಮಗೆ ತಡವಾಗಿ ತಿಳಿಯಿತು. ಅವನು ಒಳಗೆ ಬರಲಿಲ್ಲ. ಅಣ್ಣತಮ್ಮಂದಿರ ಮಾತು ಇನ್ನೂ ಕೂಡಿಲ್ಲ; ಒಂದು ಸಂಜೆಯ ಆಟದಿಂದ ವಾಟಣಿಯ ಕಾಗದವು ಬದಲಾಗದು. ಆದರೆ ಮುಂದಿನ ವಾರ ಮಗಳನ್ನು ಕಳಿಸುವಾಗ, ಇಪ್ಪತ್ತು ಮುಖದ ದಾಳವೊಂದನ್ನು ಎಲ್ಲಿಂದಲೋ ತರಿಸಿ, ಅವಳ ಕೈಯಲ್ಲಿ ಕೊಟ್ಟಿದ್ದನು.

ಈ ಆಟವನ್ನು ನಡೆಯಿಸಬೇಕೆನ್ನುವ ಗೃಹಸ್ಥರಿಗೆ ನಮ್ಮ ಅನುಭವದ ಮಾತುಗಳಿಷ್ಟೇ. ಆಟಗಾರರು ಐವರಿಗಿಂತ ಹೆಚ್ಚಾಗಬಾರದು. ಎರಡು ತಾಸಿಗಿಂತ ಹೆಚ್ಚು ಆಡಬಾರದು. ಒಂದು ಸ್ಥಳ, ಒಂದು ಬೇಕು, ಒಂದು ಅಡ್ಡಿ—ಇವನ್ನು ಮಾತ್ರ ಮೊದಲೇ ಯೋಚಿಸಿರಬೇಕು. ಸಂಶಯವಿದ್ದಲ್ಲಿ ಮಾತ್ರ ಚೀಟಿಯೆತ್ತಿಸಬೇಕು. ಎಲ್ಲಕ್ಕಿಂತ ಕಠಿಣವಾದುದು, "ಏನ ಮಾಡ್ತೀರಿ?" ಎಂದು ಕೇಳಿದ ಮೇಲೆ ಸುಮ್ಮನಿರುವದು. ಮಕ್ಕಳು ಉತ್ತರಕ್ಕಾಗಿ ನಮ್ಮ ಮುಖವನ್ನು ನೋಡುವರು. ಆಗ ಎಲೆಯಡಿಕೆ ಹಾಕಿಕೊಳ್ಳುವದು ಒಳ್ಳೆಯದು. ಬಾಯಿಗೆ ಕೆಲಸವಿದ್ದರೆ ಉಪದೇಶವು ಹೊರಬೀಳದು.