ಏಳನೇ ನಂಬರ್ ಪ್ಲಗ್ಗು, ಎರಡು ವರ್ಷದ ಮುನಿಸು



ಹೋದ ವಾರ ತೆಂಗಿನ ನುಸಿ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಈ ಸಲ ಕಾರಿನ ಸ್ಪಾರ್ಕ್ ಪ್ಲಗ್ ವಿಷಯ. ರೈತನ ಪೇಜಿನಲ್ಲಿ ಪ್ಲಗ್ಗಿನ ಮಾತು ಯಾಕೆ ಅಂತ ಕೇಳಬೇಡಿ, ಬರೆದು ತೀರಿಸಬೇಕಾದ ಸಾಲ ಒಂದಿದೆ.

ನಮ್ಮ ಮನೇಲಿರೋದು 1996ನೇ ಇಸವಿಯ ಮಾರುತಿ 800, ಕಾರ್ಬುರೇಟರ್ ಗಾಡಿ. ಮೂರು ಸಿಲಿಂಡರ್, 796 ಸಿಸಿ. ರಿಟೈರ್ ಆದ ಮೇಷ್ಟ್ರೊಬ್ಬರ ಹತ್ರ 2009ರಲ್ಲಿ ತಗೊಂಡಿದ್ದು. ಅಮ್ಮನ್ನ ತಿಂಗಳಿಗೊಂದು ಸಲ ತಿಪಟೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗೋದು, ಸಂತೆಗೆ ಎರಡು ಮೂಟೆ ಕಾಯಿ ಹಾಕ್ಕೊಂಡು ಹೋಗೋದು, ಡೇರಿಗೆ ಹೋಗಿ ಹಿಂಡಿ ತರೋದು, ಇಷ್ಟೇ ಅದರ ಕೆಲಸ. ನಮ್ಮೂರಿಗೆ ಬಸ್ಸು ದಿನಕ್ಕೆ ಎರಡೇ ಸಲ. ಅಮ್ಮನಿಗೆ ಬಸ್ಸಿನ ಮೆಟ್ಟಿಲು ಹತ್ತೋಕಾಗಲ್ಲ.

ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ರಿನೀವಲ್ ಆಗಬೇಕಲ್ಲ, ನಮ್ಮದು ಈ ವರ್ಷ ಮತ್ತೆ ಬಂದಿದೆ. ಸರಿಯಾಗಿ ಇದೇ ಹೊತ್ತಿಗೆ ಗಾಡಿ ಮಿಸ್ಸಿಂಗ್ ಹೊಡೆಯೋಕೆ ಶುರು ಮಾಡ್ತು. ನಿಂತಲ್ಲಿ ಚಳಿ ಬಂದವರ ಹಾಗೆ ನಡುಗುತ್ತೆ. ಏರು ಬಂದ್ರೆ ಕೆಮ್ಮುತ್ತೆ. ಲೀಟರಿಗೆ 17 ಕೊಡ್ತಿದ್ದದ್ದು 12ಕ್ಕೆ ಇಳೀತು. ಸೈಲೆನ್ಸರ್ ಹತ್ರ ನಿಂತ್ರೆ ಹಸಿ ಪೆಟ್ರೋಲ್ ವಾಸನೆ. ಹೊಗೆ ಪರೀಕ್ಷೆಯಲ್ಲಿ ಪಾಸಾಗಲ್ಲ ಅಂತ ನನಗೇ ಗೊತ್ತಿತ್ತು.

ಪೇಟೆಯ ಒಂದು ಗ್ಯಾರೇಜಿಗೆ ತಗೊಂಡು ಹೋದೆ. ಬಾನೆಟ್ ಎತ್ತಿ ಎರಡು ಸಲ ರೇಸ್ ಕೊಟ್ಟು ನೋಡಿದವನು, "ರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು, ಇಪ್ಪತ್ತೈದು ಸಾವಿರ ಇಟ್ಕೊಳ್ಳಿ" ಅಂದ. ಬೆಂಗಳೂರಲ್ಲಿರೋ ಮಗನಿಗೆ ಫೋನ್ ಮಾಡಿದ್ರೆ, "ಅಪ್ಪ, ಗಾಡಿ ಬೆಲೆನೇ ಅಷ್ಟಿಲ್ಲ, ಗುಜರಿಗೆ ಹಾಕಿಬಿಡು" ಅಂದ. ಲೆಕ್ಕದಲ್ಲಿ ಅವನ ಮಾತು ತಪ್ಪಲ್ಲ. ಆದ್ರೆ ಗುಜರಿಗೆ ಹಾಕಿದ ಮಾರನೇ ತಿಂಗಳು ಅಮ್ಮನ್ನ ಹೇಗೆ ಕರ್ಕೊಂಡು ಹೋಗೋದು ಅನ್ನೋದು ಅವನ ಲೆಕ್ಕದಲ್ಲಿ ಇರಲಿಲ್ಲ.

ಆವತ್ತು ರಾತ್ರಿ ಕೊಟ್ಟಿಗೆ ಲೈಟಲ್ಲಿ ನಾನೇ ಮೂರೂ ಪ್ಲಗ್ ಬಿಚ್ಚಿದೆ. ಮೂರೂ ಒಲೆ ಮೇಲಿನ ಗೋಡೆ ಹಾಗೆ ಕಪ್ಪಗಿದ್ದವು. ಬೆರಳಲ್ಲಿ ಮುಟ್ಟಿದ್ರೆ ಮಸಿ. ಇದು ಒಳ್ಳೆಯದಲ್ಲ ಅಂತ ಗೊತ್ತಾಯ್ತು, ಯಾಕೆ ಹೀಗೆ ಅಂತ ಗೊತ್ತಾಗಲಿಲ್ಲ. ಗೊತ್ತಿರೋರು ಒಬ್ಬರು ಇದ್ರು. ನಮ್ಮೂರ ಸರ್ಕಲ್ಲಿನ ಗ್ಯಾರೇಜಿನ ಮೇಸ್ತ್ರಿ. ಆದ್ರೆ ನಾನು ಅವರ ಜೊತೆ ಮಾತು ಬಿಟ್ಟು ಎರಡು ವರ್ಷ ಆಗಿತ್ತು.

ಎರಡು ವರ್ಷದ ಹಿಂದೆ ಮೇಸ್ತ್ರಿ ನಮ್ಮ ಗಾಡಿ ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿದ್ರು. ಅದಾಗಿ ಕೆಲವು ವಾರಕ್ಕೆ ಪೆಟ್ರೋಲ್ ಜಾಸ್ತಿ ಕುಡಿಯೋಕೆ ಶುರುವಾಯ್ತು. ನಾನು ಸಿಟ್ಟಲ್ಲಿ ಹೋಗಿ ಟೀ ಅಂಗಡಿ ಮುಂದೆ, ಹತ್ತು ಜನರ ಎದುರಿಗೆ, "ಕೆಲಸ ಬರದಿದ್ರೆ ಯಾಕ್ರೀ ಕೈ ಹಾಕ್ತೀರ" ಅಂತ ಕೂಗಾಡಿದ್ದೆ. ಅವರು ಒಂದು ಮಾತೂ ತಿರುಗಿ ಆಡಲಿಲ್ಲ. ಅದನ್ನೇ ನಾನು ತಪ್ಪು ಒಪ್ಪಿಕೊಂಡ್ರು ಅಂತ ಅಂದ್ಕೊಂಡೆ.

ಬೆಳಿಗ್ಗೆ ಮೂರು ಪ್ಲಗ್ಗನ್ನೂ ಪೇಪರಲ್ಲಿ ಸುತ್ಕೊಂಡು ಹೋದೆ. ಯಾವ ಪ್ಲಗ್ ಯಾವ ಸಿಲಿಂಡರಿನದು ಅಂತ ಮೇಲೆ ಬರೆದಿದ್ದೆ. ಮೇಸ್ತ್ರಿ ಏನೂ ಕೇಳಲಿಲ್ಲ. ಕನ್ನಡಕ ಹಾಕ್ಕೊಂಡು ಬೆಳಕಿಗೆ ಹಿಡಿದು ನೋಡಿದ್ರು.

"ಯಜಮಾನ್ರೇ, ಇದು ಒಣ ಮಸಿ. ರಿಂಗ್ ಹೋಗಿದ್ರೆ ಆಯಿಲ್ ಬಂದು ಪ್ಲಗ್ ಜಿಡ್ಡಾಗಿರಬೇಕಿತ್ತು. ಇದರಲ್ಲಿ ಜಿಡ್ಡೆಲ್ಲಿದೆ?"

ಆಮೇಲೆ ಪ್ಲಗ್ ಮೇಲಿನ ಅಕ್ಷರ ಉಜ್ಜಿ ಓದಿ, "ಈ ಏಳನೇ ನಂಬರ್ ಯಾರು ಕೊಟ್ರು?" ಅಂದ್ರು.

ನನಗೆ ಆಗ ನೆನಪಾಯ್ತು. ಅವರು ಕಾರ್ಬುರೇಟರ್ ಮಾಡಿದ ವಾರವೇ ನಾನು ಅಂಗಡಿಗೆ ಹೋಗಿ ಹೊಸ ಪ್ಲಗ್ ತಂದು ಮನೇಲಿ ಹಾಕಿದ್ದೆ. ಗಾಡಿಯಲ್ಲಿ ಇದ್ದದ್ದು ಮೈಕೋ ಪ್ಲಗ್, ಅದರ ಮೇಲೆ 7 ಅಂತ ಇತ್ತು. ನಮ್ಮ ಕಡೆ ಇವತ್ತಿಗೂ ಮೈಕೋ ಅಂತಲೇ ಹೇಳ್ತೀವಿ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿದ್ರೂ ನಮ್ಮ ಬಾಯಿಂದ ಹೋಗಿಲ್ಲ. ಅಂಗಡಿಯಲ್ಲಿ ಅದು ಇರಲಿಲ್ಲ, ಎನ್‌ಜಿಕೆ ಇತ್ತು. "ಯಾವುದಾದ್ರೂ ಕೊಡಪ್ಪ, ನಂಬರ್ ಮಾತ್ರ ಏಳೇ ಇರಲಿ" ಅಂದಿದ್ದೆ. ಕೇಳಿದ್ದನ್ನೇ ಕೊಟ್ಟಿದ್ದ. ಮರೆ ಸರಿಯಾಗಿ ಕೂತಿತು, ಗಾಡಿ ಸ್ಟಾರ್ಟ್ ಆಯ್ತು, ನಾನು ಮರೆತುಬಿಟ್ಟೆ.

ಇಲ್ಲೇ ನೋಡಿ ಎಡವಟ್ಟು. ಆ ನಂಬರ್ ಪ್ಲಗ್ಗಿನ ಬಿಸಿ ಲೆಕ್ಕ. ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟೂ ಪ್ಲಗ್ ತಣ್ಣಗೆ. ಬಾಷ್‌ನಲ್ಲಿ ಉಲ್ಟಾ, ನಂಬರ್ ಏರಿದಷ್ಟೂ ಬಿಸಿ. ಬಾಷ್ 7ಕ್ಕೆ ಹೆಚ್ಚುಕಮ್ಮಿ ಸಮ ಎನ್‌ಜಿಕೆ 6, ಬಾಷ್ 8ಕ್ಕೆ ಎನ್‌ಜಿಕೆ 5. ನಮ್ಮ ಗಾಡಿಯ ಪುಸ್ತಕದಲ್ಲಿ ಇರೋದು ಎನ್‌ಜಿಕೆ 5. ನಾನು ಎರಡು ಮೆಟ್ಟಿಲು ತಣ್ಣಗಿನ ಪ್ಲಗ್ ಹಾಕಿದ್ದೆ. ಒಂದು ಕಂಪನಿ ಮುಸುಕಿನ ಜೋಳದ ಬೀಜದ ನಂಬರ್ ಹೇಳಿ ಇನ್ನೊಂದು ಕಂಪನಿ ಬೀಜ ತರೋ ರೈತ ಯಾರಾದ್ರೂ ಇದ್ದಾನಾ? ನಾನು ಅದನ್ನೇ ಮಾಡಿದ್ದೆ.

ಬಿಸಿ ಪ್ಲಗ್, ತಣ್ಣನೆ ಪ್ಲಗ್ ಅಂದ್ರೆ ಏನು ಅಂತ ಮೇಸ್ತ್ರಿ ಹಳೇ ಪ್ಲಗ್ ಎರಡು ತೋರಿಸಿ ಹೇಳಿದ್ರು. ಒಳಗೆ ನಡುಕಡ್ಡಿ ಸುತ್ತ ಬಿಳಿ ಪಿಂಗಾಣಿ ಇರುತ್ತಲ್ಲ, ಅದರ ಮೂಗು ಉದ್ದ ಇದ್ರೆ ಬಿಸಿ ನಿಧಾನವಾಗಿ ಇಳಿಯುತ್ತೆ, ಅದು ಬಿಸಿ ಪ್ಲಗ್. ಮೂಗು ಗಿಡ್ಡ ಇದ್ರೆ ಬಿಸಿ ಬೇಗ ಹೆಡ್ಡಿಗೆ ಇಳಿದುಹೋಗುತ್ತೆ, ಅದು ತಣ್ಣನೆ ಪ್ಲಗ್. ಪ್ಲಗ್ ತುದಿ ಸುಮಾರು 450, 500 ಡಿಗ್ರಿ ದಾಟಿದ್ರೆ ತನ್ನ ಮಸಿ ತಾನೇ ಸುಟ್ಟುಕೊಳ್ಳುತ್ತೆ. ಅಷ್ಟು ಬಿಸಿ ಆಗದೇ ಇದ್ರೆ ಮಸಿ ಕೂರುತ್ತೆ, ಕರೆಂಟು ಗ್ಯಾಪ್ ಹಾರೋ ಬದಲು ಮಸಿ ಮೇಲೇ ಜಾರಿ ಹೋಗುತ್ತೆ, ಕಿಡಿ ಬರಲ್ಲ. ನನ್ನ ಓಡಾಟ ಹೆಚ್ಚಾಗಿ ನಾಲ್ಕೈದು ಕಿಲೋಮೀಟರು. ಇಂಜಿನ್ ಕಾಯೋಕೆ ಮುಂಚೆನೇ ಆಫ್. ತಣ್ಣನೆ ಪ್ಲಗ್ಗಿಗೆ ಕಾಯೋಕೆ ಹೊತ್ತೆಲ್ಲಿ? ಹಾಗಂತ ಸಿಕ್ಕಾಪಟ್ಟೆ ಬಿಸಿ ಪ್ಲಗ್ ಹಾಕಿದ್ರೆ ಕಿಡಿಗೆ ಮುಂಚೆನೇ ಪೆಟ್ರೋಲ್ ಹತ್ತಿಕೊಂಡು ಪಿಸ್ಟನ್ನಿಗೇ ಕುತ್ತು. ಪುಸ್ತಕದ ನಂಬರೇ ಸರಿ.

ಆಮೇಲೆ ಫೀಲರ್ ಗೇಜ್ ತೆಗೆದು ಗ್ಯಾಪ್ ನೋಡಿದ್ರು. ನಮ್ಮ ಗಾಡಿಗೆ ಬೇಕಾದದ್ದು 0.7ರಿಂದ 0.8 ಮಿ.ಮೀ. ಎರಡು ಪ್ಲಗ್ ಸವೆದು 0.9 ಆಗಿತ್ತು. ಮೂರನೆಯದಕ್ಕೆ 0.4ರ ಬ್ಲೇಡೂ ಕಷ್ಟಪಟ್ಟು ಹೋಯ್ತು. ಅದೂ ನೆನಪಾಯ್ತು ನನಗೆ. ಹಾಕುವಾಗ ಒಂದು ಪ್ಲಗ್ ಕೈಜಾರಿ ಸಿಮೆಂಟ್ ನೆಲಕ್ಕೆ ಮೂತಿ ಕೆಳಗಾಗಿ ಬಿದ್ದಿತ್ತು. ಒರೆಸಿ ಹಾಗೇ ಹಾಕಿದ್ದೆ. ಹೊಸದು, ಕಂಪನಿಯಿಂದ ಸೆಟ್ ಆಗಿ ಬಂದಿರುತ್ತೆ ಅಂತ. ಗ್ಯಾಪ್ ಕಮ್ಮಿ ಇದ್ರೆ ಕಿಡಿ ಸಣ್ಣದು, ನಿಂತಲ್ಲಿ ನಡುಕ. ಜಾಸ್ತಿ ಇದ್ರೆ ಹಾರೋಕೆ ಹೆಚ್ಚು ಕರೆಂಟ್ ಬೇಕು, ಏರಲ್ಲಿ ಲೋಡ್ ಬಿದ್ದಾಗ ಕೈಕೊಡುತ್ತೆ. ನನ್ನ ಗಾಡಿಯಲ್ಲಿ ಎರಡೂ ಕಾಯಿಲೆ ಒಟ್ಟಿಗೇ ಇದ್ದವು.

ಎಲ್ಲದಕ್ಕೂ ಮುಂಚೆ ರಿಂಗಿನ ಅನುಮಾನ ತೀರಿಸೋಣ ಅಂತ ಅವರೇ ಮನೆಗೆ ಬಂದ್ರು. ಕಾಯಿಲ್ ವೈರ್ ತೆಗೆದು ನಾನು ಕೀ ತಿರುಗಿಸಿದೆ, ಅವರು ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದ್ರು. ಮೂರೂ ಒಂದೇ ಸಮ ಒದ್ದವು. "ಇನ್ನೂ ಗಟ್ಟಿ ಇದೆ" ಅಂದ್ರು.

ಮಗ ಫೋನಲ್ಲಿ ಇರಿಡಿಯಂ ಪ್ಲಗ್ ಹಾಕ್ಸು ಅಂದ. ಮೇಸ್ತ್ರಿ ಬೇಡ ಅಂದ್ರು. ಬೆಲೆ ಮೂರು ನಾಲ್ಕು ಪಟ್ಟು, ನಮ್ಮ ಸಣ್ಣ ಓಡಾಟಕ್ಕೆ ದುಡ್ಡು ದಂಡ. ಹೊಸ ಇಂಜೆಕ್ಷನ್ ಗಾಡಿಗಳ 1.0, 1.1 ಗ್ಯಾಪೂ ನಮ್ಮ ಹಳೇ ಕಾಯಿಲ್ಲಿಗೆ ಭಾರ. ಸಾದಾ ಎನ್‌ಜಿಕೆ ಬಿಪಿ5ಇಎಸ್ ಸಿಗಲಿಲ್ಲ, ಬಿಪಿಆರ್5ಇಎಸ್ ತಂದೆ. ನಡುವಿನ ಆರ್ ಅಂದ್ರೆ ಒಳಗೆ ರೆಸಿಸ್ಟರ್ ಇದೆ, ರೇಡಿಯೋ ಗೊರಗೊರ ಕಮ್ಮಿ ಮಾಡೋಕೆ. ಹಾಕಬಹುದು. ಕೊನೆಯ ಭಾಗದ ಇ ಅಂದ್ರೆ ಮರೆ ಉದ್ದ 19 ಮಿ.ಮೀ. ಇದು ಮುಖ್ಯ. ಅಲ್ಲಿ ಎಚ್ ಇದ್ರೆ 12.7 ಮಿ.ಮೀ. ಗಿಡ್ಡದು ತಗೊಂಡ್ರೆ ಕಿಡಿ ಒಳಗೇ ಮುಟ್ಟಲ್ಲ, ಗಿಡ್ಡ ಬೇಕಾದ ಇಂಜಿನ್ನಿಗೆ ಉದ್ದದ್ದು ಹಾಕಿದ್ರೆ ಪಿಸ್ಟನ್ ಬಂದು ಗುದ್ದಬಹುದು. ಸ್ಪ್ರೇಯರ್, ಹುಲ್ಲು ಕತ್ತರಿಸೋ ಮಷೀನ್ ಇರೋರು ಇದನ್ನ ನೆನಪಿಡಿ.

ಹಾಕೋ ವಿಧಾನ, ಅವರು ನನ್ನ ಕೈಲೇ ಮಾಡಿಸಿದ್ದು:

ಇಂಜಿನ್ ಪೂರ್ತಿ ಆರಲಿ. ಕ್ಯಾಪ್ ಹಿಡಿದು ಕೀಳಿ, ವೈರ್ ಹಿಡಿದು ಎಳೆಯಬೇಡಿ. ಯಾವ ವೈರ್ ಎಲ್ಲಿಯದು ಅಂತ ಗುರುತು ಹಾಕಿ. ಬಿಚ್ಚೋ ಮುಂಚೆ ಸೈಕಲ್ ಪಂಪಲ್ಲಿ ಸುತ್ತಲಿನ ಧೂಳು ಊದಿ, ಇಲ್ಲದಿದ್ರೆ ಆ ಮಣ್ಣು ಸಿಲಿಂಡರಿಗೆ ಬೀಳುತ್ತೆ.

ಗ್ಯಾಪಿಗೆ 0.70ರ ಬ್ಲೇಡ್ ಸಲೀಸಾಗಿ ಹೋಗಬೇಕು, 0.80 ಬಿಗಿಯಾಗಿ ಎಳೆಯಬೇಕು. ಬಗ್ಗಿಸೋದು ಹೊರಗಿನ ಕೊಕ್ಕೆ ಮಾತ್ರ. ನಡುಕಡ್ಡಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಿದ್ರೆ ಪಿಂಗಾಣಿ ಬಿರುಕು ಬಿಡುತ್ತೆ. ಕಮ್ಮಿ ಮಾಡೋಕೆ ಮರದ ಹಲಗೆ ಮೇಲೆ ಮೆಲ್ಲಗೆ ತಟ್ಟಿದ್ರೆ ಸಾಕು. ಹಿಂದೆ ನಾವು ಲೂನಾಕ್ಕೆ ಆಕ್ಸಾ ಬ್ಲೇಡ್ ಇಟ್ಟು ಸೆಟ್ ಮಾಡ್ತಿದ್ವಿ, ಈ ಗಾಡಿಗೆ ಅದು ಸಾಲಲ್ಲ, ಗೇಜೇ ತಗೊಳ್ಳಿ.

ಹೆಡ್ಡು ಅಲ್ಯೂಮಿನಿಯಂ. ಮೊದಲು ಪಾನಾ ಹಾಕದೆ ಬೆರಳಲ್ಲೇ ತಿರುಗಿಸಿ. ಬಿಗಿ ಅನಿಸಿದ್ರೆ ಮರೆ ಅಡ್ಡ ಹತ್ತಿದೆ ಅಂತ ಅರ್ಥ, ವಾಪಸ್ ತೆಗೆಯಿರಿ. ವಾಷರ್ ಕೂತ ಮೇಲೆ ಹೊಸ ಪ್ಲಗ್ಗಿಗೆ ಅರ್ಧ ಸುತ್ತಿನಿಂದ ಮುಕ್ಕಾಲಿನ ಒಳಗೆ ಸಾಕು. ನೊಗದ ಹಗ್ಗ ಬಿಗಿದ ಹಾಗೆ ಬಿಗಿಯಬೇಡಿ.

ಗಾಡಿ ಸ್ಟಾರ್ಟ್ ಮಾಡಿದೆ. ನಡುಕ ಇಲ್ಲ. ಎರಡು ಮೂಟೆ ಕಾಯಿ ಹಾಕ್ಕೊಂಡು ಏರಿಗೆ ಬಿಟ್ಟೆ, ಮೂರನೇ ಗೇರಲ್ಲೇ ಹತ್ತಿತು. ಹದಿನೈದು ದಿನ ಬಿಟ್ಟು ಒಂದು ಪ್ಲಗ್ ಬಿಚ್ಚಿ ನೋಡಿದೆ, ತುದಿ ಹಾಲು ಜಾಸ್ತಿ ಹಾಕಿದ ಟೀ ಬಣ್ಣ. ಅದೇ ಆರೋಗ್ಯದ ಬಣ್ಣ. ಹೊಗೆ ಪರೀಕ್ಷೆ ಪಾಸಾಯ್ತು. ಇಪ್ಪತ್ತೈದು ಸಾವಿರದ ಕೆಲಸ ನಾನೂರು ರೂಪಾಯಿ ಒಳಗೆ ಮುಗೀತು.

ಆವತ್ತು ಸಂಜೆ ಮೇಸ್ತ್ರಿಗೆ ಕೇಳಿದೆ, "ನಿಮ್ಮ ಕಾರ್ಬುರೇಟರ್ ಕೆಲಸದಲ್ಲಿ ತಪ್ಪಿರಲಿಲ್ಲ ಅಂತ ಆವತ್ತೇ ಯಾಕೆ ಹೇಳಲಿಲ್ಲ?" ಅಂತ.

"ಪ್ಲಗ್ ಬಿಚ್ಚಿ ತೋರಿಸಿ ಅನ್ನೋಣ ಅಂತ ಬಾಯಿಗೆ ಬಂತು ಯಜಮಾನ್ರೇ. ನೀವು ಕೇಳೋಕೆ ಬಂದಿರಲಿಲ್ಲ, ಹೇಳೋಕೆ ಬಂದಿದ್ರಿ" ಅಂದ್ರು.

ನಾನು ತಪ್ಪಾಯ್ತು ಅಂದೆ. ಬಿಡಿ ಅಂದ್ರು. ಆದ್ರೆ ಬೈದಿದ್ದು ಹತ್ತು ಜನರ ಮುಂದೆ, ತಪ್ಪಾಯ್ತು ಅಂದಿದ್ದು ಒಬ್ಬರೇ ಇದ್ದಾಗ. ಅದು ಸಮ ಆಗಲ್ಲ. ನನ್ನ ಮಾತು ಕೇಳಿ ಎಷ್ಟು ಜನ ಎರಡು ವರ್ಷ ಅವರ ಗ್ಯಾರೇಜಿಗೆ ಹೋಗದೆ ಪೇಟೆಗೆ ಹೋದ್ರೋ ನನಗೆ ಲೆಕ್ಕ ಸಿಗಲ್ಲ. ಟೀ ಅಂಗಡಿಯಲ್ಲಿ ಆವತ್ತು ಇದ್ದೋರಲ್ಲಿ ಐದಾರು ಜನ ಈ ಪೇಜ್ ಓದ್ತೀರ ಅಂತ ಗೊತ್ತು. ಅದಕ್ಕೇ ಇಲ್ಲಿ ಬರೀತಿದ್ದೀನಿ: ತಪ್ಪು ಮೇಸ್ತ್ರಿದಲ್ಲ, ನನ್ನದು. ನಂಬರ್ ನಾನು ತಪ್ಪು ಹೇಳಿದ್ದೆ, ಪ್ಲಗ್ ನಾನು ಬೀಳಿಸಿದ್ದೆ, ಗ್ಯಾಪ್ ನಾನು ನೋಡಿರಲಿಲ್ಲ.

ಹಳೇ ಮೂರು ಪ್ಲಗ್ಗನ್ನ ಎಸೆದಿಲ್ಲ. ಕೊಟ್ಟಿಗೆ ಗೂಡಲ್ಲಿ ಇಟ್ಟಿದ್ದೀನಿ. ಯಾರ ಮೇಲಾದ್ರೂ ಸಿಟ್ಟು ಬಂದಾಗ ಕಣ್ಣಿಗೆ ಬೀಳಲಿ ಅಂತ.

ಮುಂದಿನ ವಾರ ತೆಂಗಿನ ನುಸಿ, ಖಂಡಿತ.