ಅಮ್ಮನ 'ಅವ್ರೆ'

ಹೈದರಾಬಾದಿನಲ್ಲಿ ಕಂಪ್ಯೂಟೇಶನಲ್ ಲಿಂಗ್ವಿಸ್ಟಿಕ್ಸ್‌ನಲ್ಲಿ ಎಂ.ಎಸ್. ಮಾಡುತ್ತಿದ್ದ ದಿನಗಳು. ಕನ್ನಡ ಪದ ಕೊಟ್ಟರೆ ಧಾತು, ಪ್ರತ್ಯಯ ಬಿಡಿಸಿ ತೋರಿಸುವ ಪ್ರೋಗ್ರಾಂ ಬರೆಯುವುದು ನನ್ನ ಪಾಲಿನ ಕೆಲಸ. ಒಂದೇ ಕ್ರಿಯಾಪದಕ್ಕೆ ಸಾವಿರಾರು ರೂಪಗಳಿರುವ ನುಡಿ ನಮ್ಮದು. ಎಲ್ಲವನ್ನೂ ನಿಘಂಟಿಗೆ ತುಂಬಿ ಮುಗಿಸೋಕಾಗಲ್ಲ. ಸಂಧಿಯ ನಿಯಮಗಳು ಬೇಕು, 13ನೇ ಶತಮಾನದಲ್ಲೇ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಬರೆದಿಟ್ಟನಲ್ಲ, ಅಂಥವು.

ಒಂದು ಭಾನುವಾರ ಕೆ. ಹೊಸಕೋಟೆಗೆ ಫೋನ್ ಮಾಡಿದೆ. "ಅಪ್ಪ ಎಲ್ಲಮ್ಮ?" ಅಂದೆ. "ತೋಟಕ್ಕೋಗವ್ರೆ" ಅಂದಳು ಅಮ್ಮ. ತಮಾಷೆಗೆ ಅದನ್ನೇ ಪ್ರೋಗ್ರಾಮಿಗೆ ಕೊಟ್ಟೆ. ಗೊತ್ತಿಲ್ಲ ಅಂತು. 'ತೋಟಕ್ಕೆ ಹೋಗಿ ಅವರೆ' ಅಂತ ಬಿಡಿಸಿ ಕೊಟ್ಟರೆ, ಕೊನೆಯದು ನಾಮಪದ, ಅವರೆಕಾಳು ಅಂತು! ಹಾಸ್ಟೆಲ್ ರೂಮಿನಲ್ಲಿ ಒಬ್ಬನೇ ನಕ್ಕೆ. ನಮ್ಮ ಕಡೆ 'ಅವ್ರೆ' ಅಂದರೆ 'ಇದ್ದಾರೆ' ಅಂತ ಅದಕ್ಕೆ ಹೇಳಿಕೊಟ್ಟವರು ಯಾರು?

ಆಮೇಲೆ ನಗು ನಿಂತುಹೋಯ್ತು. ಹಿಂದಿನ ವಾರವಷ್ಟೇ ಇಂಥ ಸಾಲುಗಳಿಗೆಲ್ಲ 'ತಪ್ಪು' ಅಂತ ಗುರುತು ಹಾಕಿ, ಪತ್ರಿಕೆಯ ಕನ್ನಡ ಮಾತ್ರ ಉಳಿಸಿಕೊಂಡವನು ನಾನೇ. ಕಂಪ್ಯೂಟರಿಗೆ ಕನ್ನಡ ಕಲಿಸ್ತೀನಿ ಅಂತ ಊರು ಬಿಟ್ಟು ಬಂದವನು, ಮೊದಲು ಅಮ್ಮನ ಮಾತನ್ನೇ ಕಸದ ಬುಟ್ಟಿಗೆ ಹಾಕಿದ್ದೆ.

ಅವತ್ತು ರಾತ್ರಿ ಕೂತು ಒಂದೊಂದಾಗಿ ವಾಪಸ್ ಸೇರಿಸಿದೆ: ಅವ್ನೆ, ಅವ್ಳೆ, ಅವ್ರೆ...

ಅಂದಹಾಗೆ, ನಿಮ್ಮ ಮನೇಲಿ ಏನಂತಾರೆ?